ಆರ್‌ಎಕ್ಸ್ 100 ಇಂಜಿನ್ ಯಾಕೆ ಸೀಜ್ ಆಗುತ್ತದೆ, ಮನೆಯಲ್ಲಿ ಅದನ್ನು ಬಿಚ್ಚಿ ಕಟ್ಟುವುದು ಹೇಗೆ

ವರ್ಷಗಟ್ಟಲೆ ನಿಂತ ಆರ್‌ಎಕ್ಸ್ 100 ಮನೆಯಲ್ಲಿದ್ದರೆ ಹೊಸ ಪೆಟ್ರೋಲ್ ಹಾಕಿ ಕಿಕ್ ಹೊಡೆಯಲು ಹೋಗಬೇಡಿ. ಒಂದೆರಡು ಕಿಕ್‌ಗೆ ಶುರುವಾಗಿಯೂ ಬಿಡುತ್ತದೆ. ಕೆಡುವುದು ಆಮೇಲೆ, ರಸ್ತೆಯ ಮೇಲೆ. ನಿಂತಷ್ಟು ಕಾಲ ಒಣಗಿದ ರಬ್ಬರ್ ಸೀಲುಗಳು ಓಡುವಾಗ ಗಾಳಿ ಬಿಡುತ್ತವೆ, ಪಿಸ್ಟನ್ ಕಾಯುತ್ತದೆ, ಇಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗೇ ಕಚ್ಚಿಕೊಂಡು ನಿಂತುಬಿಡುತ್ತದೆ.

ಯಮಹಾದ ಈ ಜಪಾನಿ ವಿನ್ಯಾಸದ ಬೈಕನ್ನು ನಮ್ಮಲ್ಲಿ ಎಸ್ಕಾರ್ಟ್ಸ್ ಕಂಪನಿ 1985ರ ಕೊನೆಗೆ ಮಾರುಕಟ್ಟೆಗೆ ತಂದಿತು. 1996ರಲ್ಲಿ ಹೊಗೆಯ ನಿಯಮ ಬಿಗಿಯಾದಾಗ ತಯಾರಿಕೆ ನಿಂತಿತು. 98 ಸಿಸಿ, ಸುಮಾರು 11 ಅಶ್ವಶಕ್ತಿ, ತೂಕ ಬರೀ 100 ಕೆಜಿ ಆಸುಪಾಸು. ಅದರ ಓಟದ ಗುಟ್ಟು ಈ ಲೆಕ್ಕದಲ್ಲೇ ಇದೆ. ಚಿತ್ರದುರ್ಗ, ದಾವಣಗೆರೆಯ ಕೆಎ-16, ಕೆಎ-17 ನಂಬರಿನ ಹಳೆಯ ಗಾಡಿಗಳನ್ನು ಈಗ ಹುಡುಕಿ ಹುಡುಕಿ ಹೊರತೆಗೆಯುತ್ತಿದ್ದಾರೆ. ಇದೇ ಹೊತ್ತಿಗೆ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಅಂದರೆ ಇ20, ಮಾಮೂಲಾಗಿದೆ. ಈ ಇಂಜಿನ್ ರೂಪುಗೊಂಡಾಗ ಅಂಥ ಇಂಧನ ಯಾರ ಲೆಕ್ಕದಲ್ಲೂ ಇರಲಿಲ್ಲ.

## ಮೊದಲು ಕಾಗದ, ಆಮೇಲೆ ಪಾನಾ

ಇಂಜಿನ್‌ಗೆ ದುಡ್ಡು ಸುರಿಯುವ ಮೊದಲು ಆರ್‌ಸಿ ಕೈಯಲ್ಲಿ ಹಿಡಿದು ಚಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಅಕ್ಷರ ಬಿಡದೆ ತಾಳೆ ನೋಡಿ. ಖಾಸಗಿ ಬೈಕಿಗೆ ನೋಂದಣಿ 15 ವರ್ಷದ್ದು. ಆಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 20 ವರ್ಷ ದಾಟಿದ ಬೈಕುಗಳಿಗೆ ಈ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದೆ. ಪೇಂಟ್ ಮಾಡಿಸುವಾಗ ನಂಬರು ಕೊರೆದ ಜಾಗಕ್ಕೆ ಉಪ್ಪುಕಾಗದವಾಗಲಿ ಗ್ರೈಂಡರ್ ಆಗಲಿ ತಾಗಕೂಡದು. ನಂಬರು ಮಸುಕಾದರೆ ತಪಾಸಣೆಯಲ್ಲಿ ಗಾಡಿ ಅಲ್ಲೇ ನಿಲ್ಲುತ್ತದೆ. ಆರ್‌ಸಿಯಲ್ಲಿರುವ ಬಣ್ಣವನ್ನೇ ಉಳಿಸಿಕೊಂಡರೆ ಇನ್ನೊಂದು ತಾಪತ್ರಯ ತಪ್ಪುತ್ತದೆ.

## ತಿದಿ ಮತ್ತು ತೂಬು

ಟೂ ಸ್ಟ್ರೋಕ್ ಇಂಜಿನ್ ಅರ್ಥವಾಗಬೇಕಾದರೆ ಕಮ್ಮಾರನ ತಿದಿಯನ್ನು ನೆನೆಸಿಕೊಳ್ಳಿ. ತಿದಿ ಎತ್ತಿದಾಗ ಒಳಗಿನ ತೊಗಲಿನ ಪಟ್ಟಿ ತೆರೆದು ಗಾಳಿ ಬರುತ್ತದೆ. ಒತ್ತಿದಾಗ ಆ ಪಟ್ಟಿ ಮುಚ್ಚಿಕೊಂಡು ಗಾಳಿ ಕೊಳವೆಯಲ್ಲಿ ಕುಲುಮೆಗೆ ನುಗ್ಗುತ್ತದೆ.

ಆರ್‌ಎಕ್ಸ್ 100ರಲ್ಲಿ ಬ್ಲಾಕ್ ಎಂಬ ಉರುಳೆಯೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ, ಅದರ ಕೆಳಗೆ ತಿರುಗುವ ದಂಡವೇ ಕ್ರ್ಯಾಂಕ್. ಆ ಕ್ರ್ಯಾಂಕ್ ಇರುವ ಕೋಣೆಯೇ ತಿದಿ. ಪಿಸ್ಟನ್ ಮೇಲೇರಿದಾಗ ಈ ಕೋಣೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಕಾರ್ಬೊರೇಟರಿನಿಂದ ಎಳೆದುಕೊಳ್ಳುತ್ತದೆ. ಕಾರ್ಬೊರೇಟರಿಗೂ ಬ್ಲಾಕಿಗೂ ನಡುವೆ ತೆಳ್ಳನೆಯ ತಗಡಿನ ರೀಡ್ ವಾಲ್ವ್ ಇದೆ, ತಿದಿಯ ತೊಗಲಿನ ಪಟ್ಟಿಯ ಕೆಲಸ ಅದರದು. ಪಿಸ್ಟನ್ ಇಳಿದಾಗ ರೀಡ್ ಮುಚ್ಚುತ್ತದೆ, ಕೆಳಗೆ ಒತ್ತಡ ಏರುತ್ತದೆ, ಮಿಶ್ರಣ ಬ್ಲಾಕಿನ ಪಕ್ಕದ ದಾರಿಗಳಲ್ಲಿ ಮೇಲೆ ನುಗ್ಗುತ್ತದೆ.

ಬ್ಲಾಕಿನ ಗೋಡೆಯಲ್ಲಿರುವ ಕಿಂಡಿಗಳಿಗೆ ಪೋರ್ಟ್ ಎನ್ನುತ್ತಾರೆ. ಇವು ಕೆರೆಯ ತೂಬು ಇದ್ದ ಹಾಗೆ, ಪಿಸ್ಟನ್ನೇ ಅದರ ಬಾಗಿಲು. ಪಿಸ್ಟನ್ ಇಳಿಯುತ್ತಾ ಮೊದಲು ಹೊಗೆ ಹೋಗುವ ಪೋರ್ಟ್ ತೆರೆಯುತ್ತದೆ, ಸ್ವಲ್ಪ ಕೆಳಗೆ ಹೊಸ ಮಿಶ್ರಣದ ಪೋರ್ಟುಗಳು ತೆರೆಯುತ್ತವೆ. ಮತ್ತೆ ಮೇಲೇರುವಾಗ ಎಲ್ಲವೂ ಮುಚ್ಚಿ, ಮಿಶ್ರಣ ಒತ್ತಿಕೊಂಡು, ಪ್ಲಗ್ಗಿನ ಕಿಡಿ ಬೀಳುತ್ತದೆ. ಕ್ರ್ಯಾಂಕ್ ಪ್ರತಿ ಸುತ್ತಿಗೂ ಒಂದು ಸಲ ಉರಿ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು. ಸಣ್ಣ ಇಂಜಿನ್ ಇಷ್ಟು ಚುರುಕಾಗಿರುವುದಕ್ಕೂ ಇಷ್ಟು ಬೇಗ ಕಾಯುವುದಕ್ಕೂ ಇದೇ ಕಾರಣ.

ಕ್ರ್ಯಾಂಕ್ ಕೋಣೆಯೇ ಮಿಶ್ರಣದ ದಾರಿ ಆದ್ದರಿಂದ ಅಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಬೇರಿಂಗ್, ಪಿಸ್ಟನ್, ಇವನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಎಲ್ಲಕ್ಕೂ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬರುವ ಟೂಟಿ ಆಯಿಲ್‌ನಿಂದ, ಅಂದರೆ ಟೂ ಸ್ಟ್ರೋಕ್ ಎಣ್ಣೆಯಿಂದ ಮಾತ್ರ. ಆ ಎಣ್ಣೆ ಕೊನೆಗೆ ಉರಿದು ಹೋಗುತ್ತದೆ. ಹೊಗೆ ಅದರದೇ.

## ತಿದಿ ತೂತಾದರೆ

ಈ ಇಂಜಿನ್ನಿನ ಬಹುಪಾಲು ರೋಗಗಳ ಬೇರು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಕ್ರ್ಯಾಂಕಿನ ಎರಡು ತುದಿಗಳು ಕೋಣೆಯಿಂದ ಹೊರಗೆ ಬರುವಲ್ಲಿ ಒಂದೊಂದು ಆಯಿಲ್ ಸೀಲ್ ಇರುತ್ತದೆ. ಎಡಗಡೆಯದು ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆ, ಬಲಗಡೆಯದು ಕ್ಲಚ್ ಕಡೆ.

ಎಡ ಸೀಲ್ ಗಟ್ಟಿಯಾಗಿ ಸೀಳಿದರೆ ಕೋಣೆ ಅಲ್ಲಿಂದ ಬರಿ ಗಾಳಿ ಎಳೆದುಕೊಳ್ಳುತ್ತದೆ. ಈ ಗಾಳಿ ಕಾರ್ಬೊರೇಟರ್ ಮೂಲಕ ಬಂದದ್ದಲ್ಲ, ಅದಕ್ಕೆ ಪೆಟ್ರೋಲಿನ ಪಾಲಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಇಂಥ ಮಿಶ್ರಣಕ್ಕೆ ಮೆಕ್ಯಾನಿಕ್‌ಗಳು ಲೀನ್ ಎನ್ನುತ್ತಾರೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ಏರುವುದು, ಬಿಸಿಯಾದಂತೆ ಐಡ್ಲಿಂಗ್ ಒಂದೇ ಸಮ ನಿಲ್ಲದಿರುವುದು ಇದರ ಗುರುತು. ಒಳಬರುವ ಪೆಟ್ರೋಲ್ ಪಿಸ್ಟನ್ನನ್ನು ತಂಪೂ ಮಾಡುತ್ತದೆ. ಅದು ಕಡಿಮೆಯಾದರೆ ಪಿಸ್ಟನ್ ಹಿಗ್ಗಿ ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗುವುದು ಬ್ಲಾಕಿನ ಒಳಗಿನ ಎರಕದ ಕಬ್ಬಿಣದ ಸ್ಲೀವಿಗಿಂತ ಹೆಚ್ಚುಕಮ್ಮಿ ಎರಡರಷ್ಟು.

ಬಲ ಸೀಲ್ ಹೋದರೆ ಲಕ್ಷಣ ಬೇರೆ. ಕೋಣೆ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಎಷ್ಟು ಓಡಿಸಿದರೂ ನಿಲ್ಲದ ದಟ್ಟ ಬಿಳಿ ಹೊಗೆ, ಪದೇ ಪದೇ ಒದ್ದೆಯಾಗುವ ಪ್ಲಗ್, ತಿಂಗಳು ತಿಂಗಳಿಗೆ ಇಳಿಯುವ ಗೇರ್ ಆಯಿಲ್. ಇಂಥ ಗಾಡಿಗೆ ಪಿಸ್ಟನ್, ರಿಂಗ್ ಬದಲಿಸಿದರೆ ಹೊಗೆ ನಿಲ್ಲುವುದಿಲ್ಲ, ಖರ್ಚು ಮಾತ್ರ ಆಗುತ್ತದೆ.

## ಇ20 ಸೇರಿದಾಗ

ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎಂದು ಅಳೆದಿಟ್ಟುಕೊಂಡ ಮನೆಗೆ ಬೇರೆ ತಳಿಯ ಅಕ್ಕಿ ಬಂತು ಎಂದುಕೊಳ್ಳಿ. ಅಳತೆ ಅದೇ, ಅನ್ನ ಬೇರೆ. ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತಿನ ತಿರುಪು, ಇಂಥದೇ ಗೊತ್ತಾದ ಅಳತೆ, ಹೊಸ ಬೈಕಿನ ಇಂಜೆಕ್ಷನ್ನಿನ ಹಾಗೆ ತಾನೇ ಸರಿಮಾಡಿಕೊಳ್ಳುವುದಿಲ್ಲ.

ಶುದ್ಧ ಪೆಟ್ರೋಲ್ 1 ಕೆಜಿ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಎಥನಾಲ್ ತನ್ನಲ್ಲೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ 9 ಕೆಜಿ ಸಾಕು. ಇ20ಗೆ ಲೆಕ್ಕ ಹಾಕಿದರೆ ಸುಮಾರು 13.5. ಜೆಟ್ ಬದಲಿಸದೆ ಇ20 ಹಾಕಿದರೆ ಮಿಶ್ರಣ ಶೇ. 7ರಿಂದ 8ರಷ್ಟು ಲೀನ್ ಆಗುತ್ತದೆ ಎಂದರ್ಥ. ಸೀಲು ಚೆನ್ನಾಗಿರುವ ಇಂಜಿನ್ ಇದನ್ನು ತಡೆದುಕೊಳ್ಳಬಹುದು. ಸೀಲು ಮೊದಲೇ ಸೋರುತ್ತಿದ್ದರೆ ಎರಡು ಲೀನ್ ಕೂಡಿಕೊಳ್ಳುತ್ತವೆ.

ಮೇನ್ ಜೆಟ್ ಮೇಲೆ ನಂಬರು ಕೊರೆದಿರುತ್ತದೆ, ನಂಬರು ಹೆಚ್ಚಾದಷ್ಟು ಪೆಟ್ರೋಲ್ ಹೆಚ್ಚು. ಉದಾಹರಣೆಗೆ ಅಲ್ಲಿ 100 ಇದ್ದರೆ 105 ಅಥವಾ 107.5 ಹಾಕಿ ನೋಡಬೇಕು. ಕಾಲು ಆಕ್ಸಿಲರೇಟರಿನಿಂದ ಮುಕ್ಕಾಲಿನವರೆಗೆ ಮಿಶ್ರಣವನ್ನು ಹೆಚ್ಚಾಗಿ ನಿರ್ಧರಿಸುವುದು ನೀಡಲ್ ಎಂಬ ಸೂಜಿ. ಅದರ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದರೆ ನೀಡಲ್ ಮೇಲೆದ್ದು ಪೆಟ್ರೋಲ್ ಹೆಚ್ಚುತ್ತದೆ. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಎರಡು ಮೂರು ಕಿ.ಮೀ. ಹದವಾದ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆರಿಸಿ ಪ್ಲಗ್ ತೆಗೆದು ನೋಡಿ. ಕಾಫಿಪುಡಿಯ ಬಣ್ಣ ಬಂದಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್.

ಬೇಸಿಗೆಯಲ್ಲಿ ಹೊಂದಿಸಿದ ಜೆಟ್ ಚಳಿಗಾಲಕ್ಕೆ ಸಾಲದು. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗಿಂತ ಚಿತ್ರದುರ್ಗದ ಡಿಸೆಂಬರ್ ಮುಂಜಾನೆಯ 15 ಡಿಗ್ರಿಯ ಗಾಳಿ ಶೇ. 8ರಷ್ಟು ದಟ್ಟ. ಗಾಳಿ ದಟ್ಟವಾದರೆ ಮಿಶ್ರಣ ಲೀನ್ ಕಡೆಗೆ ವಾಲುತ್ತದೆ. ಜೆಟ್ ಪರೀಕ್ಷೆಯನ್ನು ತಂಪು ಹೊತ್ತಿನಲ್ಲಿ ಮಾಡುವುದು ಇದೇ ಕಾರಣಕ್ಕೆ.

ಎಥನಾಲ್‌ಗೆ ಇನ್ನೆರಡು ಗುಣ. ಹಳೆಯ ರಬ್ಬರನ್ನು ಉಬ್ಬಿಸುತ್ತದೆ: ಪೆಟ್ರೋಲ್ ಪೈಪು, ಪೆಟ್ರೋಲ್ ಕಾಕಿನ ವಾಷರು, ಫ್ಲೋಟ್ ನೀಡಲಿನ ರಬ್ಬರ್ ತುದಿ. ಮತ್ತೆ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಮತ್ತು ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ.

ಈಗಾಗಲೇ ತುಕ್ಕು ಹಿಡಿದ ಟ್ಯಾಂಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. ಲೀಟರ್ ಬಿಸಿನೀರಿಗೆ 100 ಗ್ರಾಂನಂತೆ ಕರಗಿಸಿ ಭರ್ತಿ ತುಂಬಿ, ಒಂದು ರಾತ್ರಿ ಬಿಟ್ಟು ಚೆಲ್ಲಿ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಒಂದಿಷ್ಟು ಟೂಟಿ ಆಯಿಲ್ ಹಾಕಿ ಒಳಗೆಲ್ಲ ಸವರುವಂತೆ ಅಲ್ಲಾಡಿಸಿ. ಈ ಕೊನೆಯ ಕೆಲಸ ಬಿಟ್ಟರೆ ಮಾರನೆಯ ದಿನವೇ ಕೆಂಪು ಪುಡಿ ಮತ್ತೆ ಕಾಣುತ್ತದೆ.

## ಹಳೆಯ ಪಿಸ್ಟನ್ ಏನು ಹೇಳುತ್ತದೆ

ಬ್ಲಾಕ್ ಬಿಚ್ಚಿದ ಮೇಲೆ ಹಳೆಯ ಪಿಸ್ಟನ್ನನ್ನು ಗುಜರಿಗೆ ಎಸೆಯಬೇಡಿ, ಒರೆಸಿ ಬೆಳಕಿಗೆ ಹಿಡಿಯಿರಿ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ ಅಕ್ಕಪಕ್ಕ ನಾಲ್ಕು ಮೂಲೆಗಳಲ್ಲಿ ಉದ್ದುದ್ದ ಗೀರು ಇದ್ದರೆ ತಣ್ಣಗಿದ್ದ ಇಂಜಿನ್ನನ್ನು ಎಳೆದು ಓಡಿಸಿದ್ದಾರೆ, ಇಲ್ಲವೇ ಬೋರ್, ಅಂದರೆ ಬ್ಲಾಕಿನ ಒಳಕೊರೆತ, ಬಿಗಿಯಾಗಿತ್ತು. ಸೈಲೆನ್ಸರ್ ಕಡೆಯಲ್ಲಿ ಮಾತ್ರ ಲೋಹ ಕರಗಿ ಸವರಿದಂತಿದ್ದರೆ ಅದು ಲೀನ್ ಬಿಸಿ. ಸುತ್ತಲೂ ಒಣ ಗೀರುಗಳಿದ್ದರೆ ಎಣ್ಣೆ ಬಂದಿಲ್ಲ. ತಲೆಯ ನಡುವೆ ತೂತು ಬಿದ್ದಿದ್ದರೆ ಅಥವಾ ಅಂಚು ತಿಂದುಹೋಗಿದ್ದರೆ ಲೀನ್ ಜೊತೆಗೆ ಇಗ್ನಿಷನ್ ಟೈಮಿಂಗ್ ಮತ್ತು ಪ್ಲಗ್ಗಿನ ನಂಬರನ್ನೂ ಅನುಮಾನಿಸಿ. ಕಾರ್ಬೊರೇಟರ್ ಕಡೆಯ ಮೈ ಎಮರಿಯಲ್ಲಿ ಉಜ್ಜಿದಂತೆ ಮಾಸಿದ್ದರೆ ಧೂಳು. ಏರ್ ಫಿಲ್ಟರ್ ಕಳಚಿ ಓಡಿಸಿದ ಗಾಡಿಗಳಲ್ಲಿ ಇದು ತಪ್ಪದೆ ಕಾಣುತ್ತದೆ. ಹೊಳಲ್ಕೆರೆ ಕಡೆಯ ಅದಿರು ಲಾರಿಗಳ ರಸ್ತೆಯಲ್ಲಿ ಓಡುವ ಗಾಡಿಗೆ ಎಣ್ಣೆ ಸವರಿದ ಸ್ಪಂಜಿನ ಫಿಲ್ಟರ್ ಇಲ್ಲದಿದ್ದರೆ ಹೊಸ ಪಿಸ್ಟನ್ನೂ ಬಾಳುವುದಿಲ್ಲ.

ಕಾರಣ ಸಿಗದೆ ಬೋರ್ ಮಾಡಿಸಿದರೆ ಅದೇ ಕಾರಣ ಹೊಸ ಪಿಸ್ಟನ್ನಿಗಾಗಿ ಕಾದಿರುತ್ತದೆ.

## ಬಿಚ್ಚುವ ಕ್ರಮ

ಪ್ಲಗ್ ತೆಗೆದು ಆ ತೂತಿನಲ್ಲಿ ಎರಡು ಚಮಚ ಟೂಟಿ ಆಯಿಲ್ ಬಿಟ್ಟು ಒಂದು ದಿನ ಬಿಡಿ. ಆಮೇಲೆ ಕೈಯಿಂದಲೇ ಕಿಕ್ಕರ್ ನಿಧಾನ ಒತ್ತಿ ನೋಡಿ. ಅಲುಗದಿದ್ದರೆ ಬಲ ಹಾಕದೆ ಬಿಚ್ಚುವುದೇ ದಾರಿ.

ಪೆಟ್ರೋಲ್ ಇಳಿಸಿ ಟ್ಯಾಂಕನ್ನು ಮನೆಯೊಳಗಿಂದ ದೂರ ಇಡಿ. ಸೈಲೆನ್ಸರ್, ಕಾರ್ಬೊರೇಟರ್ ಕಳಚಿ ಹೆಡ್ಡಿನ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತಿನಂತೆ ಸಡಿಲಿಸಿ. ಒಂದನ್ನೇ ಪೂರ್ತಿ ತೆಗೆದರೆ ಹೆಡ್ ಬಾಗುತ್ತದೆ. ಬ್ಲಾಕ್ ಎತ್ತುವಾಗ ಕೆಳಗಿನ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಪಿನ್ನಿನ ಲಾಕ್ ಒಂದು ಚಿಮ್ಮಿ ಕ್ರ್ಯಾಂಕ್ ಕೋಣೆಗೆ ಬಿದ್ದರೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ.

ಈಗ ಕನೆಕ್ಟಿಂಗ್ ರಾಡಿನ ಮೇಲ್ತುದಿ ಹಿಡಿದು ಮೇಲೆ ಕೆಳಗೆ ಎಳೆಯಿರಿ. ಆ ದಿಕ್ಕಿನಲ್ಲಿ ಟಕ್ ಎನ್ನುವ ಆಟ ಸ್ವಲ್ಪವೂ ಇರಬಾರದು. ಎಡಬಲಕ್ಕೆ ಅಲುಗಾಡಿದರೆ ತಪ್ಪಿಲ್ಲ: 1 ಮಿ.ಮೀ. ಒಳಗಿದ್ದರೆ ಚೆನ್ನಾಗಿದೆ, 2 ಮಿ.ಮೀ. ದಾಟಿದರೆ ರಾಡ್ ಕಿಟ್, ಅಂದರೆ ಹೊಸ ರಾಡ್ ಮತ್ತು ಬೇರಿಂಗಿನ ಸೆಟ್, ಬೇಕು. ರೀಡ್ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ. ತಗಡು ಕೂತ ಜಾಗದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ, ಅಂಚು ಸೀಳಿದ್ದರೆ ಬದಲಿಸಿ.

ಮ್ಯಾಗ್ನೆಟ್ ತೆಗೆಯಲು ಅದರದೇ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಿಂದ ಬಡಿದು ತೆಗೆಯುವ ಚಾಳಿ ಇದೆ. ಆ ಪೆಟ್ಟು ಕ್ರ್ಯಾಂಕಿನ ತುದಿಗೆ ಬಿದ್ದು ಅದರ ಸಾಲು ತಪ್ಪುತ್ತದೆ. ಹಾಗೆಯೇ ಇಂಜಿನ್ನಿನ ಎಡಬಲ ಹೋಳುಗಳನ್ನು ಬಿಡಿಸಲು ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಲ್ಯೂಮಿನಿಯಂ ಮೈಗೆ ಗಾಯವಾಗಿ ಅಲ್ಲಿಂದಲೇ ಗಾಳಿ ಸೋರುತ್ತದೆ.

## ಲೇತ್ ಅಂಗಡಿಗೆ ಹೋಗುವಾಗ

ಬೋರಿಂಗ್ ಮತ್ತು ಕ್ರ್ಯಾಂಕ್ ಕೆಲಸ ಎರಡು ಮಾತ್ರ ಮನೆಯಲ್ಲಿ ಆಗುವುದಿಲ್ಲ. ಹೊಸ ಬ್ಲಾಕಿನ ಒಳ ಅಡ್ಡಳತೆ 50 ಮಿ.ಮೀ. ಪಿಸ್ಟನ್ನುಗಳು 0.25, 0.50, 0.75, 1.00 ಮಿ.ಮೀ. ದೊಡ್ಡದರಲ್ಲಿ ಸಿಗುತ್ತವೆ. 1.00 ದಾಟಿದರೆ ಹೊಸ ಸ್ಲೀವ್ ಹೊಡೆಸಬೇಕು. ಆದ್ದರಿಂದ ಗೀರು ಹೋಗುವಷ್ಟು ಮಾತ್ರ, ಆದಷ್ಟು ಚಿಕ್ಕ ಮೆಟ್ಟಿಲು ಹತ್ತಿ. ಪವರ್ ಹೆಚ್ಚುತ್ತದೆಂದು ನೇರ 1.00ಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ, 98 ಸಿಸಿ 102 ಆಗುತ್ತದೆ ಅಷ್ಟೇ.

ಪಿಸ್ಟನ್ ಮೊದಲೇ ಕೊಂಡು ಬ್ಲಾಕಿನ ಜೊತೆಗೇ ಕೊಡಿ. ಬೋರ್ ಆಗಬೇಕಾದದ್ದು ಆ ಪಿಸ್ಟನ್ನಿನ ಅಳತೆಗೆ. ಅಳೆಯುವುದು ಪಿಸ್ಟನ್ನಿನ ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡಲಾಗಿ. ಅಲ್ಲಿಗೂ ಗೋಡೆಗೂ ಬಿಡಬೇಕಾದ ಸಂದು 0.04 ಮಿ.ಮೀ. ಆಸುಪಾಸು, ತಲೆಗೂದಲ ದಪ್ಪದ ಅರ್ಧ. ಪಿಸ್ಟನ್ ಡಬ್ಬಿಯಲ್ಲಿ ಬೇರೆ ಅಳತೆ ಬರೆದಿದ್ದರೆ ಅದನ್ನೇ ಹಿಡಿಯಿರಿ. ಅಳತೆಯ ಬದಲು ಕೈಯಲ್ಲಿ ಜಾರಿಸಿ ನೋಡಿ ‘ಸರಿಯಾಗಿದೆ’ ಎನ್ನುವ ಕಡೆ ಬ್ಲಾಕ್ ಕೊಡಬೇಡಿ.

ಬಹಳ ಕಡೆ ಬಿಟ್ಟುಹೋಗುವ ಕೆಲಸ ಒಂದಿದೆ. ಬೋರ್ ಆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಇಲ್ಲವೇ ಎಮರಿಯಿಂದ ಸುತ್ತಲೂ ಲೇಸಾಗಿ ದುಂಡಗೆ ಮಾಡಿಸಲೇಬೇಕು. ಇಲ್ಲದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿದು, ಹೊಸ ಬ್ಲಾಕ್ ಮೊದಲ ದಿನವೇ ಹಾಳಾಗುತ್ತದೆ. ಬೆರಳು ಒಳಗೆ ಹಾಕಿ ಪ್ರತಿ ಕಿಂಡಿಯ ಅಂಚನ್ನೂ ಸವರಿ ನೋಡಿ ಮನೆಗೆ ತನ್ನಿ.

ಕ್ರ್ಯಾಂಕಿಗೆ ರಾಡ್ ಕಿಟ್ ಹಾಕಿಸಿದರೆ ಡಯಲ್ ಗೇಜಿನಲ್ಲಿ ತಿರುಗಿಸಿ ತೋರಿಸಲು ಕೇಳಿ. ಅಲುಗಾಟ 0.05 ಮಿ.ಮೀ. ಮೀರಬಾರದು.

## ಕಟ್ಟುವಾಗ

ಬ್ಲಾಕನ್ನು ಸೋಪು ನೀರು ಹಾಕಿ, ಬಿಳಿ ಬಟ್ಟೆಯಲ್ಲಿ ಒರೆಸಿದರೂ ಕಪ್ಪು ಬರದಷ್ಟು ತೊಳೆಯಿರಿ. ಪೆಟ್ರೋಲಿನಲ್ಲಿ ಬರಿ ಒರೆಸಿದರೆ ಬೋರಿಂಗ್ ಪುಡಿ ಗೀರುಗಳಲ್ಲೇ ಉಳಿಯುತ್ತದೆ. ಒಣಗಿದ ಕೂಡಲೇ ಟೂಟಿ ಆಯಿಲ್ ಸವರಿ.

ರಿಂಗನ್ನು ಬ್ಲಾಕಿನೊಳಗೆ ಒಂದೇ ಇಟ್ಟು, ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ: 0.15ರಿಂದ 0.35 ಮಿ.ಮೀ. ಇರಬೇಕು. ರಿಂಗಿನ ಬಾಯಿ ಪಿಸ್ಟನ್ ಗೀರಿನಲ್ಲಿರುವ ಸಣ್ಣ ಗೂಟಕ್ಕೆ ಸರಿಯಾಗಿ ಕೂರಬೇಕು. ಬಾಯಿ ತಿರುಗಿ ಪೋರ್ಟಿಗೆ ಸಿಕ್ಕಿಕೊಳ್ಳದಿರಲಿ ಎಂದೇ ಆ ಗೂಟ. ಪಿಸ್ಟನ್ ತಲೆಯ ಬಾಣ ಮುಂದಕ್ಕೆ, ಸೈಲೆನ್ಸರ್ ಕಡೆಗೆ. ಪಿನ್ ಲಾಕುಗಳು ಹೊಸವೇ ಆಗಬೇಕು, ಅವುಗಳ ಬಾಯಿ ಮೇಲಕ್ಕೆ ಅಥವಾ ಕೆಳಕ್ಕೆ ಇರಲಿ. ಪ್ಯಾಕಿಂಗ್‌ಗಳೂ ಎರಡು ಕ್ರ್ಯಾಂಕ್ ಸೀಲುಗಳೂ ಹೊಸವು. ಸೀಲಿನ ತುಟಿಗೆ ಗ್ರೀಸ್ ಸವರಿಯೇ ಕ್ರ್ಯಾಂಕಿಗೆ ಏರಿಸಿ. ಹೆಡ್ ನಟ್ಟುಗಳನ್ನು ಮೂರು ಹಂತದಲ್ಲಿ, ಎದುರುಬದುರಾಗಿ ಬಿಗಿಮಾಡಿ. ಗೇರ್ ಆಯಿಲ್ ಪೂರ್ತಿ ಬಿಚ್ಚಿದ ಇಂಜಿನ್ನಿಗೆ 650 ಮಿ.ಲೀ. ಹತ್ತಿರ ಹಿಡಿಯುತ್ತದೆ.

ಸೈಲೆನ್ಸರಿನ ಒಳಕೊಳವೆಯನ್ನೂ ಹೊರಗೆಳೆದು ಕರಿ ಸುಟ್ಟು, ತಂತಿ ಬ್ರಷ್ಷಿನಲ್ಲಿ ಉಜ್ಜಿ ಸೇರಿಸಿ. ಅದು ಕಟ್ಟಿಕೊಂಡಿದ್ದರೆ ಎಷ್ಟೇ ಚೆನ್ನಾಗಿ ಕಟ್ಟಿದ ಇಂಜಿನ್ನೂ ಎಳೆಯುವುದಿಲ್ಲ.

## ಬಿಪಿ ಯಂತ್ರದ ಪರೀಕ್ಷೆ

ತಿದಿ ಸೋರುತ್ತದೆಯೇ ಎಂದು ಶುರು ಮಾಡುವ ಮೊದಲೇ ತಿಳಿಯಬಹುದು. ಬೇಕಾದದ್ದು ರಕ್ತದೊತ್ತಡ ನೋಡುವ ಹಳೆಯ ಯಂತ್ರದ ಬಲ್ಬು ಮತ್ತು ಗಡಿಯಾರದಂಥ ಮೀಟರು.

ಬ್ಲಾಕಿನಲ್ಲಿ ಸೈಲೆನ್ಸರ್ ಕೂರುವ ಬಾಯಿಗೆ ಸೈಕಲ್ ಟ್ಯೂಬಿನ ತುಂಡು, ಮೇಲೊಂದು ತಗಡು ಇಟ್ಟು ಬಿಗಿಮಾಡಿ. ಕಾರ್ಬೊರೇಟರ್ ಕೂರುವ ಬಾಯಿಗೆ ರಬ್ಬರ್ ಬಿರಡೆ ತುರುಕಿ, ಅದರ ನಡುವೆ ಸೈಕಲ್ ಟ್ಯೂಬಿನ ಮೌತ್ ತೂರಿಸಿ, ಬಲ್ಬಿನ ಪೈಪು ಸೇರಿಸಿ. ಆಯಿಲ್ ಪಂಪಿನಿಂದ ಬರುವ ಸಣ್ಣ ಕೊಳವೆಯ ದಾರಿಯನ್ನೂ ಮುಚ್ಚಿ. ಪಿಸ್ಟನ್ ಕೆಳಗಿರಲಿ, ಪ್ಲಗ್ ಹಾಕಿರಲಿ. 250ಕ್ಕೆ ಏರಿಸಿ ಬಿಡಿ, 300 ದಾಟಿಸಬೇಡಿ, ಸೀಲು ಕಿತ್ತು ಬರಬಹುದು. ಐದು ನಿಮಿಷದಲ್ಲಿ ಮುಳ್ಳು 30–40ಕ್ಕಿಂತ ಹೆಚ್ಚು ಇಳಿಯದಿದ್ದರೆ ಇಂಜಿನ್ ಗಟ್ಟಿ.

ಇಳಿದರೆ ಬ್ರಷ್ಷಿನಲ್ಲಿ ಸೋಪು ನೀರು ಹಚ್ಚಿ ಗುಳ್ಳೆ ಹುಡುಕಿ: ಹೆಡ್ ಸಂದು, ಬ್ಲಾಕಿನ ಬುಡ, ಎರಡು ಹೋಳುಗಳ ಕೂಡುಗೆರೆ, ಮ್ಯಾಗ್ನೆಟ್ ಹಿಂದಿನ ಸೀಲು. ಬಲ ಸೀಲು ಕಣ್ಣಿಗೆ ಕಾಣುವುದಿಲ್ಲ. ಗೇರ್ ಆಯಿಲ್ ಹಾಕುವ ಬಾಯಿಗೆ ಸೋಪಿನ ಪೊರೆ ಹಿಡಿದರೆ ಅದು ಉಬ್ಬಿ ತೋರಿಸುತ್ತದೆ.

## ಎಣ್ಣೆಯ ಲೆಕ್ಕ, ಮೊದಲ 500 ಕಿ.ಮೀ.

ಯಮಹಾ 1964ರಲ್ಲಿ ತಂದ ಆಟೋಲ್ಯೂಬ್ ಎಂಬ ಆಯಿಲ್ ಪಂಪು ಆಕ್ಸಿಲರೇಟರ್ ತಿರುಗಿಸಿದಷ್ಟಕ್ಕೆ ತಕ್ಕ ಎಣ್ಣೆ ಕೊಡುತ್ತದೆ. ಪಂಪು ನಂಬಲಾಗದು ಎಂದು ಕಿತ್ತುಹಾಕಿ ಟ್ಯಾಂಕಿಗೇ ಎಣ್ಣೆ ಬೆರೆಸುವವರು ಬಹಳ. ಪಂಪು ಸುಸ್ಥಿತಿಯಲ್ಲಿದ್ದರೆ ಉಳಿಸಿಕೊಳ್ಳುವುದೇ ಮೇಲು. ಒಮ್ಮೆ ಬಿಚ್ಚಿದ ಮೇಲೆ ಅದರ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರಿ ಎಣ್ಣೆ ಬರುವವರೆಗೆ ಬಿಡಬೇಕು. ಕೇಬಲ್ಲಿನ ಗುರುತು ಪಂಪಿನ ಗುರುತಿಗೆ ಕೂಡಬೇಕು. ಪಂಪು ಇದ್ದರೂ ಮೊದಲ ಟ್ಯಾಂಕಿಗೆ ಲೀಟರಿಗೆ 20 ಮಿ.ಲೀ. ಟೂಟಿ ಆಯಿಲ್ ಬೆರೆಸಿ.

ಪಂಪಿಲ್ಲದ ಗಾಡಿಗೆ ಲೀಟರಿಗೆ 40 ಮಿ.ಲೀ. ಆರಂಭಕ್ಕೆ, ಆಮೇಲೆ 33. ಬಾಟಲಿ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ದರ್ಜೆ ನೋಡಿ ಕೊಳ್ಳಿ. ಎಣ್ಣೆ ಜಾಸ್ತಿ ಸುರಿದರೆ ಇಂಜಿನ್ ಉಳಿಯುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಜೆಟ್ಟಿನ ತೂತಿನಲ್ಲಿ ಎಣ್ಣೆ ಹಿಡಿದ ಜಾಗದಷ್ಟು ಪೆಟ್ರೋಲ್ ಕಡಿಮೆ ಹೋಗುತ್ತದೆ, ಮಿಶ್ರಣ ಮತ್ತೆ ಲೀನ್.

ಮೊದಲ ದಿನ ಹತ್ತು ನಿಮಿಷ ಓಡಿಸಿ, ಹೆಡ್ ಕೈಗೆ ತಣ್ಣಗಾಗುವವರೆಗೆ ಬಿಟ್ಟು, ಮತ್ತೆ ಹತ್ತು ನಿಮಿಷ. ಹೀಗೆ ಮೂರು ನಾಲ್ಕು ಸಲ ಆದ ಮೇಲೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ ಹೆಡ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ. 500 ಕಿ.ಮೀ. ಆಗುವವರೆಗೆ ಅರ್ಧ ಆಕ್ಸಿಲರೇಟರ್ ದಾಟಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48 ನೇರ ಇದೆಯೆಂದು ಈ ಹಂತದಲ್ಲಿ ಅದನ್ನು ಹಿಡಿಯುವುದಕ್ಕಿಂತ ಊರೊಳಗೆ, ಹಳ್ಳಿ ರಸ್ತೆಯಲ್ಲಿ ಓಡಿಸುವುದು ಒಳ್ಳೆಯದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜಾರಿದರೆ ಎಣ್ಣೆ ಅತಿ ಕಡಿಮೆ ಹೋಗುತ್ತದೆ. ಕ್ಲಚ್ ಹಿಡಿದು ಆಗಾಗ ಸ್ವಲ್ಪ ತಿರುಗಿಸಿಕೊಡಿ.

ಓಡುವಾಗ ಇಂಜಿನ್ ಸದ್ದು ಇದ್ದಕ್ಕಿದ್ದಂತೆ ಮಂಕಾಗಿ, ಯಾರೋ ಹಿಂದಿನಿಂದ ಹಿಡಿದಂತೆ ಎಳೆತ ಕುಗ್ಗಿದರೆ ಅದು ಕಚ್ಚಲು ಶುರುವಾದ ಗುರುತು. ಆ ಕ್ಷಣಕ್ಕೇ ಕ್ಲಚ್ ಹಿಡಿದು ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಮುಟ್ಟಬೇಡಿ, ಪ್ಲಗ್ ಬಣ್ಣ ನೋಡಿ. ಬೆಳ್ಳಗಿದ್ದರೆ ಬಿಪಿ ಯಂತ್ರವನ್ನು ಮತ್ತೆ ಹೊರತೆಗೆಯಿರಿ. 500 ಕಿ.ಮೀ.ಗೆ ಗೇರ್ ಆಯಿಲ್ ಬದಲಿಸಿ, ಪ್ಲಗ್ ಸಂದನ್ನು 0.6–0.7 ಮಿ.ಮೀ.ಗೆ ಸರಿಮಾಡಿ, ಸೈಲೆನ್ಸರ್ ನಟ್ಟುಗಳನ್ನು ಬಿಗಿಮಾಡಿ.